ಹಿತ್ತಿಲ ಕಡೆಗೊಂದು ಓಣಿ

ಸೋಣ ತಿಂಗಳ ನಲವತ್ತೊಂದನೆಯ ದಿನ
ಇಳಿಗಾಲದ ಹತ್ತೊಂಬತ್ತನೆಯ ವರ್ಷ
ಪಡುಸಾಲು, ಕಡಲಂಚು

ಕುಸುಮ ಅಮ್ಮಮ್ಮನಿಗೆ, ನಿಮ್ಮ ಮೊಮ್ಮಗಳ ಮರಿಮೊಮ್ಮಗಳಾದ ವನಮಾಲೆಯ ನಮಸ್ಕಾರಗಳು.

ಮೇಲಿನ ದಿನಾಂಕ ಕಂಡು ನನಗೆ ಲೆಕ್ಕ ತಪ್ಪಿದೆಯೆಂದು ತಿಳಿಯಬೇಡಿ. ನೀವು ಸೋಣ ತಿಂಗಳಿಡೀ ಹೊಸ್ತಿಲಿಗೆ ಹೂವಿಟ್ಟು ಪೂಜಿಸುತ್ತಿದ್ದಿರಂತೆ. ತಿಂಗಳು ಮುಗಿದ ದಿನ ಪೂಜೆಯೂ ಮುಗಿಯುತ್ತಿತ್ತಂತೆ. ನಾವೂ ಹೂವಿಡುತ್ತೇವೆ. ಆದರೆ ಹೊಸ್ತಿಲು ಒಣಗುವವರೆಗೆ ತಿಂಗಳು ಮುಗಿಯಿತೆಂದು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ, ಹೊಸ್ತಿಲು ಇನ್ನೂ ಒಣಗಿಲ್ಲ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮಗೆ ಎಂದೂ ಬೇಕಾಗದ ಪದಗಳನ್ನು ನಾವು ಮಾಡಿಕೊಳ್ಳಬೇಕಾಯಿತು. ನಿಮ್ಮ ನಾಲಿಗೆಯ ಮೇಲೆ ದಿನವೂ ಓಡಾಡುತ್ತಿದ್ದ ಪದಗಳು ನಮಗೆ ಹಳೆಯ ಪದ್ಯಗಳಲ್ಲಿ ಮಾತ್ರ ಸಿಗುತ್ತವೆ. ‘ಹಿತ್ತಿಲು’ ಅಂಥ ಒಂದು ಪದ. ಓದುವಾಗ ಅದು ಎದುರಾದರೆ ನಾನು ಸ್ವಲ್ಪ ಹೊತ್ತು ಮುಂದಿನ ಸಾಲಿಗೆ ಹೋಗುವುದಿಲ್ಲ. ಬಸಳೆಯ ಚಪ್ಪರ, ಬಟ್ಟೆ ಒಗೆಯುವ ಕಲ್ಲು, ಬಾಳೆಯ ಬುಡದಲ್ಲಿ ಪಾತ್ರೆ ತೊಳೆದ ನೀರು, ಇವನ್ನೆಲ್ಲ ಓದಿದ್ದೇನೆ, ಕಂಡಿಲ್ಲ. ನಿಮ್ಮ ಕಾಲದಲ್ಲಿ ನೀವು ಈಗ ಮಾರಲು ಹೊರಟಿರುವ ಹಿತ್ತಿಲಿನ ಬಗ್ಗೆಯೇ ಬರೆಯುತ್ತಿದ್ದೇನೆ.

ಆ ಮಾರಾಟದ ಕತೆ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ಕಡಲತೀರದ ಮನೆಗಳನ್ನು ಕೇಳುವವರೇ ಇಲ್ಲದ ವರ್ಷ ಅದು. ಊರಿನ ಅರ್ಧ ಗೇಟುಗಳಿಗೆ ‘ಮಾರಾಟಕ್ಕಿದೆ’ ಎಂಬ ಹಲಗೆ ತೂಗಿ, ಬಿಸಿಲಿಗೆ ಅಕ್ಷರಗಳು ಮಾಸಿದ್ದವು. ಆಗ ಬಿಳಿ ಕಾರಿನಲ್ಲಿ ಒಬ್ಬರು ಬಂದರು. ನೀವು ಕೊಟ್ಟ ಬೆಲ್ಲ ನೀರು ಕುಡಿದರು, ಜಗಲಿಯಲ್ಲಿ ಕುಳಿತು ಕಡಲನ್ನು ಹೊಗಳಿದರು. ಕಡಲು ಕಾಣುವ ಭಾಗ ನಿಮಗೇ ಇರಲಿ, ಹಿಂದಿನ ತುಂಡು ಮಾತ್ರ ಕೊಡಿ ಎಂದರು. ನೀವು ಒಳಗೊಳಗೇ ನಕ್ಕಿರಂತೆ. ಬೆಲೆ ಬಾಳುವುದು ಉಳಿಯಿತು, ಬಾಳದ್ದು ಹೋಯಿತು ಎಂದು. “ಹಿತ್ಲ್ ಹೋದ್ರೆ ಹೋಯ್ಲಿ, ಕಡ್ಲ್ ನಮ್ದೇ ಅಲ್ದಾ” ಎಂದು ನೀವು ಹೇಳಿದ ಮಾತು ನಮ್ಮಲ್ಲಿ ಗಾದೆಯಾಗಿದೆ. ಮೀನು ಸುಟ್ಟು ಕರಕಲಾದಾಗ, ಮಳೆಗೆ ಬಟ್ಟೆ ನೆನೆದಾಗ, ಎಲ್ಲ ಕೈತಪ್ಪಿದ ಹೊತ್ತಿನಲ್ಲಿ ನಗಬೇಕೆಂದಾಗ ನಾವು ಇದನ್ನು ಹೇಳುತ್ತೇವೆ. ನಿಮ್ಮನ್ನು ದೂರಲು ಬರೆಯುತ್ತಿಲ್ಲ, ಅಮ್ಮಮ್ಮ. ನಿಮ್ಮ ಜಾಗದಲ್ಲಿದ್ದರೆ ನಾನೂ ಬೆಲ್ಲ ನೀರು ಕೊಟ್ಟು ಅದನ್ನೇ ಮಾಡುತ್ತಿದ್ದೆ.

ಆ ತುಂಡಿನಲ್ಲಿ ಬಿಳಿ ಕಾರಿನವರು ಒಂದು ಮನೆ ಕಟ್ಟಿಸಿದರು. ನಿಮ್ಮ ಹಿಂಗೋಡೆಗೆ ಅವರ ಹಿಂಗೋಡೆ ತಾಗಿತು. ನಂಬಿ, ಆ ಮನೆಯಲ್ಲಿ ಈವರೆಗೆ ಯಾರೂ ಒಂದು ದಿನವೂ ಬಾಳಿಲ್ಲ. ಬೆಲೆ ಏರಿದಾಗ ಮಾರುವುದಕ್ಕೆಂದು ಕಟ್ಟಿ, ಬೀಗ ಹಾಕಿ, ಹೋದರು. ನಮ್ಮ ಸಾಲಿನ ಪ್ರತಿ ಮನೆಯ ಹಿಂದೆಯೂ ಅಂಥದೊಂದು ಇದೆ. ‘ಬೀಗದ ಮನೆ’ ಎನ್ನುತ್ತೇವೆ. ಎಡಬಲದಲ್ಲಿ ನೆರೆಯವರ ಗೋಡೆಗಳು ಅಂಟಿಕೊಂಡಿವೆ. ಹೀಗಾಗಿ ನನ್ನ ಮನೆಗಿರುವುದು ಒಂದೇ ಬಾಗಿಲು, ನೀವು ಹೆಮ್ಮೆಯಿಂದ ಉಳಿಸಿಕೊಂಡ ಪಡುವಣ ಬಾಗಿಲು. ದಿನಕ್ಕೆರಡು ಬಾರಿ, ಭರತ ಏರಿದಾಗ, ಕಡಲು ಆ ಬಾಗಿಲಿಗೆ ಬರುತ್ತದೆ. ನಾವು ಚೌಕಟ್ಟಿಗೆ ಅಡ್ಡಹಲಗೆ ಇಳಿಸಿ, ಸಂದಿಗೆ ಮೇಣ ಮೆತ್ತಿ, ನೀರು ಇಳಿಯುವ ತನಕ ಒಳಗೆ ಕೂರುತ್ತೇವೆ. ಹಲಗೆಯ ಆಚೆ ನೀರು ಗೊರಕೆ ಹೊಡೆಯುವುದು ಕೇಳುತ್ತದೆ. ಅಡುಗೆ, ಓದು, ಜಗಳ, ಎಲ್ಲವೂ ಆ ಹೊತ್ತಿನಲ್ಲೇ. ಗಟ್ಟಿಮುಟ್ಟಾದವರು ಮಾಡು ಹತ್ತಿ ಬೀಗದ ಮನೆಗಳ ಮೇಲಿಂದ ಪೂರ್ವಕ್ಕೆ ದಾಟುತ್ತಾರೆ. ನನಗೆ ಮಂಡಿ ನೋವು. ನನ್ನ ಮಗಳು ಮೇದಿನಿ ಬಸುರಿ.

ಗೋಡೆ ಒಡೆಯಬಾರದೇ ಎಂದು ನೀವು ಕೇಳುವಿರಿ. ಅದಕ್ಕೆ ನಮ್ಮ ಕಾಲದ ಎರಡು ಕಟ್ಟಳೆಗಳನ್ನು ಹೇಳಬೇಕು. ಕಡಲಿಗೆ ಕಟ್ಟಿದ ಕಲ್ಲಿನ ದಂಡೆಯಲ್ಲಿ ಪ್ರತಿ ಮನೆಗೂ ಒಂದು ಪಾಲಿದೆ. ಆ ಮನೆಯವರು ಅದನ್ನು ಕಾಯಬೇಕು, ಕುಸಿದರೆ ಕಟ್ಟಬೇಕು. ಮನೆ ಖಾಲಿಯಾದರೆ ದಂಡೆ ಖಾಲಿಯಾಗುತ್ತದೆ. ಆದ್ದರಿಂದ ನಮ್ಮ ಜಾಗದಲ್ಲಿ ಕೂರುವ ಇನ್ನೊಂದು ಕುಟುಂಬವನ್ನು ತಂದು ಮನೆ ಮಾರಿದರೆ ಮಾತ್ರ ನಾವು ಊರು ಬಿಡಬಹುದು. ಆ ಕುಟುಂಬಕ್ಕೆ ‘ಬದಲಿ’ ಎನ್ನುತ್ತೇವೆ. ದಂಡೆಮನೆಯಲ್ಲಿ ಹುಟ್ಟಿದ ಮಗುವಿನ ಹೆಸರೂ ಆ ಪಾಲಿಗೇ ಸೇರುತ್ತದೆ. ಆಮೇಲೆ ಅದಕ್ಕೂ ಬದಲಿ ಬೇಕು. ಮೇದಿನಿಯ ಮಗು ಹುಟ್ಟುವ ಮೊದಲು ಮನೆ ಮಾರಬೇಕು, ಈ ವರ್ಷ ನನ್ನ ಬದುಕಿನಲ್ಲಿರುವುದು ಅದೊಂದೇ. ಇನ್ನು ಎರಡನೆಯ ಕಟ್ಟಳೆ: ಬೀಗದ ಮನೆಯ ಗೋಡೆ ಕೆಡವಿದವರ ಮನೆಯನ್ನು ಮಾರುವಂತಿಲ್ಲ. ಅದರ ಒಡೆಯರು ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ ಯಾರಿಗೂ ತಿಳಿಯದು, ಆದರೂ ಬೀಗಕ್ಕೆ ಮರ್ಯಾದೆಯಿದೆ. ಗೋಡೆ ಒಡೆದರೆ ಮಾರುವ ಹಕ್ಕಿಲ್ಲ. ಒಡೆಯದಿದ್ದರೆ ಕೊಳ್ಳುವವರಿಲ್ಲ.

ಇಳಿಗಾಲವೆಂದರೆ ಇದೇ, ಮನೆಗಳ ಬೆಲೆ ಇಳಿದು ಮತ್ತೆ ಏಳದ ಕಾಲ. ನಮ್ಮ ಸಾಲಿನಲ್ಲಿ ಎಲ್ಲರೂ ಮಾರುವವರೇ. ಮೊದಲ ವರ್ಷಗಳಲ್ಲಿ ದಲ್ಲಾಳಿಗಳಿದ್ದರು. ಯಾರಾದರೂ ಮನೆ ನೋಡಲು ಬಂದಾಗ ನಾಲ್ಕು ಜನ ಮುಗಿಬಿದ್ದಂತೆ ಕಾಣಲಿ ಎಂದು ಅವರು ನೆರೆಯವರಿಗೇ ಒಳ್ಳೆಯ ಬಟ್ಟೆ ಉಡಿಸಿ ಗಿರಾಕಿಗಳಂತೆ ನಿಲ್ಲಿಸುತ್ತಿದ್ದರು. ದಲ್ಲಾಳಿಗಳು ಹೋದರು, ಆಟ ಉಳಿಯಿತು. ಈಗ ಭಾನುವಾರದ ಇಳಿತಕ್ಕೆ ಸರದಿಯಂತೆ ಒಂದು ಮನೆ ‘ಮಾರಾಟಕ್ಕೆ’ ನಿಲ್ಲುತ್ತದೆ. ಆ ಮನೆಯವರು ನೆಲ ಸಾರಿಸಿ, ರಂಗೋಲಿ ಇಟ್ಟು, ಬೆಲ್ಲ ನೀರು ತಯಾರಿಟ್ಟುಕೊಳ್ಳಬೇಕು. ನೆರೆಯವರು ಹುಸಿಗಿರಾಕಿಗಳಾಗಿ ಬಂದು, ಗೋಡೆ ಗುದ್ದಿ, ಜಂತಿ ಅಲುಗಿಸಿ, ಹುಳುಕು ಹುಡುಕಬೇಕು. ಮನೆಯವರು ಮುಚ್ಚಿಡುವಂತಿಲ್ಲ, ಹುಳುಕನ್ನೇ ಹೊಗಳಿ ತೋರಿಸಬೇಕು. ಕೊನೆಗೆ ಮನೆಯೊಡತಿ “ಮನಿ ಆಯ್ತಾ?” ಎಂದು ಒಪ್ಪಿಗೆ ಕೇಳಬೇಕು, ಗಿರಾಕಿ “ಕಂಡ್ ಹೇಳ್ತೆ” ಎಂದು ಜಾರಿಕೊಳ್ಳಬೇಕು. ಅಲ್ಲಿಗೆ ನಗು, ಊಟ. ಹೊರಗಿನವರಿಗೆ ಇದು ಹುಚ್ಚಾಟವೆನಿಸಬಹುದು. ಆದರೆ ಯಾರೂ ಕೇಳದ ಮನೆಯಲ್ಲಿ ವರ್ಷಗಟ್ಟಲೆ ಇದ್ದರೆ ನಮ್ಮನ್ನೂ ಯಾರೂ ಕೇಳುವುದಿಲ್ಲವೆನಿಸತೊಡಗುತ್ತದೆ. ಸುಳ್ಳಿಗಾದರೂ ಒಬ್ಬರು ಬಂದು ಗೋಡೆ ಮುಟ್ಟಿ ನೋಡಿದರೆ ಒಂದು ವಾರ ಉಸಿರಾಡಬಹುದು.

ಹೋದ ಭಾನುವಾರ ನಮ್ಮ ಸರದಿ. ಅಳಿಯ ದಂಡೆಯ ಕೆಲಸಕ್ಕೆ ಹೋಗಿದ್ದ. ನೆರೆಮನೆಯ ಬೇಬಿಯಕ್ಕ ಎಲ್ಲರಿಗಿಂತ ಮೊದಲು ಬಂದು ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದರು. ಅರವತ್ತು ದಾಟಿದ ಹೆಂಗಸು, ಈ ಆಟದಲ್ಲಿ ಅವರನ್ನು ಮೀರಿಸಿದವರಿಲ್ಲ. ಉಳಿದವರು ಬರುವ ಮೊದಲೇ ಒಂದು ಅಪರಿಚಿತ ಜೋಡಿ ಮೆಟ್ಟಿಲೇರಿತು. ಹೆಂಗಸಿನ ಕೈಯಲ್ಲಿ ಗಂಟು, ಗಂಡಸಿನ ಹೆಗಲಿಗೆ ಸುತ್ತಿದ ಚಾಪೆ. ಪಕ್ಕದ ತೆಂಕುಸಾಲಿನವರು ನಮ್ಮನ್ನು ಗೇಲಿ ಮಾಡಲು ಹೊಸ ಹುಸಿಗಿರಾಕಿಗಳನ್ನು ಕಳಿಸಿದ್ದಾರೆಂದೇ ನಾವು ನಂಬಿದೆವು. ಗಂಟು, ಚಾಪೆ ಸಮೇತ ವೇಷ ಚೆನ್ನಾಗಿದೆ ಎಂದು ಮೇದಿನಿ ನನ್ನ ಕಿವಿಯಲ್ಲಿ ಹೇಳಿದಳು. ಬೇಬಿಯಕ್ಕ ಸೆರಗು ಸಿಕ್ಕಿಸಿ ಎದ್ದೇಬಿಟ್ಟರು. “ಹ್ವಾಯ್, ಬನ್ನಿ ಬನ್ನಿ, ಕೂಕಣಿ. ಇಂಥಾ ಮನಿ ನಿಮ್ಗ್ ಮತ್ತೆಲ್ಲೂ ಸಿಕ್ಕುದಿಲ್ಲ ಮಾರಾಯ್ರೆ. ನೀವ್ ಸಮುದ್ರ ಕಾಂಬುಕೆ ಹೋಪುದೇ ಬ್ಯಾಡ, ದಿನಕ್ ಎರಡ್ ಸಲ ಅದೇ ಮನಿಗ್ ಬತ್ತ್, ನೆಂಟ್ರ ಹಾಂಗೆ. ಬಾವಿ ಕಾಣಿ, ಗಂಜಿಗ್ ಬೇರೆ ಉಪ್ಪ್ ಬ್ಯಾಡ.” ಗಂಡಸು ಜಂತಿ ನೋಡಿದ. ಬೇಬಿಯಕ್ಕ ಬಿಡಲಿಲ್ಲ: “ಅದೆಂತ ಕಾಂತ್ರಿ? ಗೆದ್ಲ್ ಬಿಟ್ರೆ ಮಾಡ್ ಬೀಳ್ತ್, ಗೆದ್ಲೇ ಹಿಡ್ಕಂಡ್ ಕೂತಿತ್.” ಹೊಟ್ಟೆ ಹಿಡಿದು ನಕ್ಕೆವು. ಬಂದ ಹೆಂಗಸೂ ನಕ್ಕಳು. ಬೆಲ್ಲ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಸೆರಗಿನಿಂದ ಕಣ್ಣು ಒರೆಸಿಕೊಂಡು, ಬಯಲುಸೀಮೆಯ ಮಾತಿನಲ್ಲಿ ಕೇಳಿದಳು: “ಎಲ್ಲಾ ಖರೇ ಹೇಳಿದ್ರಿ ಯವ್ವಾ, ಚಲೋ ಆತು. ಹಿತ್ತಲ ಬಾಗ್ಲಾ ಎಲ್ಲೈತ್ರೀ?”

ಬೇಬಿಯಕ್ಕ ಹಿಂಗೋಡೆಯ ಕಡೆಗೆ ತಿರುಗಿ ನೋಡಿದರು. ಇಷ್ಟು ವರ್ಷ ಹುಳುಕು ಹುಡುಕುತ್ತ ಬಂದ ನಾವು ಒಬ್ಬರೂ ಆ ಪ್ರಶ್ನೆ ಕೇಳಿರಲಿಲ್ಲ. ನಮ್ಮ ಯಾರ ಮನೆಗೂ ಅದು ಇಲ್ಲವಲ್ಲ, ಇಲ್ಲದ್ದು ನಮಗೆ ಹುಳುಕಾಗಿ ಕಂಡಿರಲೇ ಇಲ್ಲ. ಅವರು ಆಟಕ್ಕೆ ಬಂದವರಲ್ಲವೆಂದು ನನಗೆ ಹೊಳೆದದ್ದು ಆಗ. ಅವಳು ನೀಲವ್ವ, ಗಂಡ ಕಲ್ಲಪ್ಪ. ಘಟ್ಟದ ಮೇಲಿನ ಊರುಗಳಲ್ಲಿ ಜನ ಕಿಕ್ಕಿರಿದು, ಕೋಣೆಗಳನ್ನು ಪಾಳಿಯ ಮೇಲೆ ಬಾಡಿಗೆಗೆ ಕೊಡುತ್ತಾರೆ. ಒಬ್ಬರು ಮಲಗಿ ಎದ್ದ ಚಾಪೆ ಆರುವ ಮೊದಲು ಇನ್ನೊಬ್ಬರು ಮಲಗಬೇಕು. ಒಮ್ಮೆಯಾದರೂ ಬೆಳಗಿನ ತನಕ ಯಾರೂ ಎಬ್ಬಿಸದ ಮನೆ ಬೇಕೆಂದು ಈ ಇಬ್ಬರು ಘಟ್ಟ ಇಳಿದು ಬಂದಿದ್ದರು. ಬದಲಿಯಾಗಲು ಸಿದ್ಧರಿದ್ದರು. ಮೇದಿನಿಯ ನಗು ನಿಂತಿತು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೀಲವ್ವನ ಮುಖವನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಭರತ ಏರಿತು. ನಾವು ಹಲಗೆ ಇಳಿಸಿದೆವು, ಐವರೂ ಒಳಗಾದೆವು. ನೀಲವ್ವ ಮೊದಲು ಕುಳಿತಿದ್ದಳು, ಆಮೇಲೆ ಎದ್ದಳು. ನೀರಿನ ಗೊರಕೆ ಕೇಳಿ ಬಾಗಿಲಿನಿಂದ ದೂರ ಸರಿದಳು, ಸರಿಯುತ್ತ ಸರಿಯುತ್ತ ಹಿಂಗೋಡೆಗೆ ಬೆನ್ನು ತಾಗಿಸಿ ನಿಂತಳು. ತಿರುಗಿ ಗೋಡೆಗೆ ಅಂಗೈ ಇಟ್ಟಳು. “ಅತ್ಲಾಗ ಯಾರದಾರ್ರೀ?” ಎಂದಳು. ಯಾರೂ ಇಲ್ಲ ಎಂದೆ. “ಎಂದಾರ ಬರ್ತಾರೇನ್ರೀ?” ಇಲ್ಲ ಎಂದೆ. ಅವಳು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. “ಯಾರೂ ಇಲ್ದ ಮನಿಗ್ ಅಂಜಿ ಇಷ್ಟ್ ಮಂದಿ ಕುಂತೀರಲ್ರೀ!” ಬೇಬಿಯಕ್ಕನಿಗೆ ಸಿಟ್ಟು ಬಂತು. “ನಮ್ಗ್ ಅಂಜಿಕೆ ಇಲ್ಲ ಹೆಣೆ, ಅಭ್ಯಾಸ” ಎಂದರು. ನೀರು ಇಳಿಯಿತು. ಹಲಗೆ ಎತ್ತಿದಾಗ ಅವರಿಬ್ಬರೂ ಮೊದಲು ಹೊರಬಿದ್ದರು. ಮೆಟ್ಟಿಲ ಮೇಲೆ ನಾನು ಕೇಳಿದೆ. ಆಟದ ಮಾತೇ ಬಾಯಿಗೆ ಬಂತು: “ಮನಿ ಆಯ್ತಾ?” ನೀಲವ್ವ ನನ್ನ ಕೈ ಹಿಡಿದುಕೊಂಡಳು. “ಹಿಂದ ಒಂದ್ ಓಣಿ ಇದ್ದಿದ್ರ ಈಗಿಂದೀಗ ಗಂಟ್ ಬಿಚ್ಚತಿದ್ನಿ ಅಕ್ಕಾರ. ಪಾಳಿ ಮ್ಯಾಲ ಮಲಗೂದಾ ಚಲೋ. ಅಲ್ಲಿ ಎದ್ದ್ ಹೋಗಾಕ ಒಂದ್ ದಾರಿಯಾರ ಐತಿ.” ಹೋಗುವಾಗ ಮೇದಿನಿಯ ಹೊಟ್ಟೆಯನ್ನು ಒಮ್ಮೆ ನೋಡಿದಳು. ಗಂಟನ್ನು ಕಂಕುಳಿಗೆ ಏರಿಸಿ ಮೆಟ್ಟಿಲಿಳಿದಳು.

ನೀಲವ್ವ ಬೇಡವೆಂದು ಹೋದದ್ದಕ್ಕೆ ನನ್ನ ಮನಸ್ಸಿನಲ್ಲಿ ಒಂದು ಕ್ಷಣ ಸಮಾಧಾನವೂ ಆಯಿತೆಂದು ನಿಮಗೆ ಹೇಳಬೇಕು. ನಾನು ಬಿಟ್ಟುಹೋಗುವ ಹಲಗೆಯ ಹಿಂದೆ ಅವಳನ್ನು ಕೂರಿಸಿ ಹೋಗುವುದು ಎಂಥ ಬಿಡುಗಡೆ? ಆ ಕ್ಷಣ ಕಳೆದ ಮೇಲೆ ಮೇದಿನಿ ಒಳಗೆ ಹೋಗಿ, ಚಾಪೆಯ ಮೇಲೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಿದ್ದನ್ನು ಕಂಡೆ. ಮತ್ತೆ ಸಮಾಧಾನ ಉಳಿಯಲಿಲ್ಲ. ಅವಳ ಹೆರಿಗೆಗೆ ಇನ್ನು ಹೆಚ್ಚು ದಿನಗಳಿಲ್ಲ. ಈ ಸೋಣ ಮುಗಿಯುವ ಲಕ್ಷಣವೂ ಇಲ್ಲ.

ಈ ಕಾಗದ ನಿಮಗೆ ಹೇಗೆ ತಲುಪೀತು ಎಂದು ಯೋಚಿಸಿದೆ. ಆಗ ಬೀಗದ ಮನೆಯ ನೆನಪಾಯಿತು. ಅಲ್ಲಿ ಯಾರೂ ಕಿಟಕಿ ತೆರೆದಿಲ್ಲ, ದೀಪ ಹಚ್ಚಿಲ್ಲ, ಒಂದು ದಿನವನ್ನೂ ಕಳೆದಿಲ್ಲ. ಕಳೆಯದ ದಿನ ಎಲ್ಲಿಗೆ ಹೋಗುತ್ತದೆ? ಅದು ಬಿಳಿ ಕಾರು ಬಂದ ವರ್ಷದಲ್ಲೇ ನಿಂತಿರಬೇಕು. ಗೋಡೆಯ ಆಚೆ ಇನ್ನೂ ನಿಮ್ಮ ಕಾಲದ ಗಾಳಿಯೇ ಇರಬೇಕು. ನಮ್ಮ ಹಿಂಗೋಡೆಯಲ್ಲಿ ಮಗುವಿನ ಬೆರಳು ಹಿಡಿಸುವಷ್ಟು ಒಂದು ಬಿರುಕಿದೆ. ಬಿರುಕಿನಲ್ಲಿ ಕಾಗದ ತೂರಬಾರದೆಂದು ಯಾವ ಕಟ್ಟಳೆಯೂ ಹೇಳುವುದಿಲ್ಲ. ಇದನ್ನು ಮಡಚಿ ಅಲ್ಲಿಂದ ನಿಮ್ಮ ಕಡೆಗೆ ದೂಡುತ್ತೇನೆ.

ಹಿತ್ತಿಲು ಮಾರಬೇಡಿ ಎಂದು ನಾನು ಬೇಡುವುದಿಲ್ಲ. ಕೇಳುವವರಿಲ್ಲದ ವರ್ಷದಲ್ಲಿ ಬಂದ ಒಬ್ಬರನ್ನು ಬರಿಗೈಯಲ್ಲಿ ಕಳಿಸುವುದು ಎಷ್ಟು ಕಷ್ಟವೆಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಮಾರಿ. ಆದರೆ ಬಿಳಿ ಕಾರಿನವರು ಬೆಲ್ಲ ನೀರು ಕುಡಿದು ಕಡಲನ್ನು ಹೊಗಳುತ್ತಿರುವಾಗ ನೀವು ಎದ್ದು ಅವರನ್ನು ಹಿಂದಕ್ಕೆ ಕರೆದುಕೊಂಡು ಹೋಗಿ, ಒಗೆಯುವ ಕಲ್ಲಿನಿಂದ ಪೂರ್ವದ ಬೇಲಿಯವರೆಗೆ ಕೈ ತೋರಿಸಿ, ಇಲ್ಲೊಂದು ಓಣಿ ನಮಗೆ ಇರಲಿ ಎನ್ನಿ. ಅವರು ನಕ್ಕರೆ ನಗಲಿ. ಹೆಚ್ಚು ಅಗಲ ಬೇಡ. ಇಬ್ಬರು ಹೆಂಗಸರು ಒಬ್ಬ ಬಸುರಿಯನ್ನು ನಡುವೆ ಹಿಡಿದುಕೊಂಡು ನಿಧಾನವಾಗಿ ನಡೆಯುವಷ್ಟಿದ್ದರೆ ಸಾಕು.

ಭರತದ ಸದ್ದು ಮೆಟ್ಟಿಲಿಗೆ ಬಂದಿದೆ. ಬೇಬಿಯಕ್ಕ ತಮ್ಮ ಬಾಗಿಲಿನಿಂದ ಹಲಗೆ ಇಳಿಸಿ ಎಂದು ಕೂಗುತ್ತಿದ್ದಾರೆ. ಇಳಿಸಿ ಬಂದು ಬಿರುಕಿನ ಬಳಿ ಕೂರುತ್ತೇನೆ. ಮೇದಿನಿ ಈಗಲೇ ಅಲ್ಲಿ ಕುಳಿತು ಗೋಡೆಗೆ ಕಿವಿಯಿಟ್ಟಿದ್ದಾಳೆ, ಆಚೆ ಕಡೆ ಯಾರಾದರೂ ಬಟ್ಟೆ ಒಗೆಯುವ ಸದ್ದು ಕೇಳೀತೆಂದು.

ನಿಮ್ಮ
ವನಮಾಲೆ