ಮೊಬೈಲ್ ಕಟ್ಟೆ ಬರೆದವಳು

ಚಿತ್ತವಾಡ್ಗಿ, ಹೊಸಪೇಟೆ
ಸೋಮವಾರ, ೧೮ ನವೆಂಬರ್ ೨೦೨೪

ಪ್ರೀತಿಯ ತಮ್ಮ ಬಸುವಿಗೆ,

ಹೇಗಿದ್ದೀಯೋ? ಸೊಂಟನೋವು ಕಡಿಮೆ ಆಯಿತೇ? ವಿಶಾಖಪಟ್ಟಣದ ಬಂದರಿನಲ್ಲಿ ದಿನವಿಡೀ ಕ್ರೇನ್ ಮೇಲೆ ಕೂತರೆ ಸೊಂಟ ಇನ್ನೇನಾಗಬೇಕು! ಅವ್ವ ಶೇಂಗಾ ಚಟ್ನಿಪುಡಿ ಕುಟ್ಟಿಟ್ಟಿದ್ದಾಳೆ, ಯಾರಾದರೂ ಆ ಕಡೆ ಹೊರಟರೆ ಕಳಿಸುತ್ತೇನೆ. ಫೋನ್ ಇರುವಾಗ ಅಕ್ಕ ಕಾಗದ ಯಾಕೆ ಬರೆದಳು ಅಂತ ನಿನಗೆ ಅನಿಸಿರಬೇಕು. ಫೋನಿನಲ್ಲಾದರೆ ನೀನು "ಹೋಗ್ಲಿ ಬಿಡಕ್ಕಾ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕೂತು ಕೊನೆಯವರೆಗೆ ಓದು.

ನಿನ್ನೆ ಇಲ್ಲಿ ಕನ್ನಡ ಬ್ಲಾಗ್ ಬರೆಯುವವರ ಸಮಾವೇಶ ಇತ್ತು. ನಮ್ಮ 'ಮೊಬೈಲ್ ಕಟ್ಟೆ'ಗೆ ಸನ್ಮಾನ. ನಮ್ಮ ಅಲ್ಲ, ನನ್ನ. ನೋಡು, ಬರೆಯುವ ನನಗೇ ಬಾಯಿ ತಪ್ಪುತ್ತದೆ. ನಾಲ್ಕು ವರ್ಷದ ಹಿಂದೆ ಶುರು ಮಾಡಿದಾಗ ನೀನು ಹೇಳಿದ್ದು ನೆನಪಿದೆಯೇ? "ಹೆಣ್ಣಿನ ಹೆಸರು ಕಂಡ್ರ ಯಾರ್ ಯಾರೋ ಮೆಸೇಜ್ ಹಾಕ್ತಾರಕ್ಕ, ನನ್ನ ಹೆಸರು ಹಾಕು, ನನ್ನ ನಂಬರ್ ಕೊಡು." ತಮ್ಮ ನನ್ನ ಒಳ್ಳೆಯದಕ್ಕೇ ಹೇಳುತ್ತಿದ್ದಾನೆ ಅಂದುಕೊಂಡೆ. ಸಿಮ್ ಬಂದ್ ಮಾಡಿಸುವುದು, ಗ್ಯಾಸ್ ಬುಕ್ ಮಾಡುವುದು, ಮೋಸದ ಕರೆ ಗುರುತಿಸುವುದು, ಹೀಗೆ ಇನ್ನೂರಕ್ಕೂ ಹೆಚ್ಚು ಬರಹ ಬರೆದೆ. ಅಷ್ಟರ ಕೆಳಗೂ 'ಬಸವಕುಮಾರ್' ಅಂತಲೇ ಇದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ಸಭಾಭವನದೊಳಗೆ ಕಾಲಿಟ್ಟರೆ ವೇದಿಕೆಯ ಹಿಂದೆ ಆಳೆತ್ತರದ ನಿನ್ನ ಫೋಟೋ! ಹಂಪಿಯಲ್ಲಿ ಕರಿ ಕನ್ನಡಕ ಹಾಕಿಕೊಂಡು ನಿಂತಿದ್ದೀಯಲ್ಲ, ಅದೇ. ಮೇಲೆ ಕೂತ ಹನ್ನೊಂದು ಮಂದಿಯೂ ಗಂಡಸರೇ. ಮಹಿಳೆಯರು ಮತ್ತು ತಂತ್ರಜ್ಞಾನ ಅಂತ ಭಾಷಣ ಮಾಡಿದವರೂ ಗಂಡಸರೇ ಕಣೋ! ಬರೆಯುವ ಹೆಣ್ಣುಮಕ್ಕಳು ಒಂಬತ್ತು ಜನ ಕೆಳಗೆ ಕೂತಿದ್ದೆವು. ನಮ್ಮನ್ನು ಕೊನೆಗೆ ಕರೆದರು. ಯಾತಕ್ಕೆ ಗೊತ್ತೇ? ಉಡಿ ತುಂಬುವುದಕ್ಕೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬುಸದ ಕಣ. ತವರಿನವರು ಉಡಿ ತುಂಬಿದರೆ ನನಗೂ ಕಣ್ಣು ತುಂಬುತ್ತದೆ, ಬೇಡ ಅನ್ನುವವಳಲ್ಲ ನಾನು. ಆದರೆ ಸೆರಗು ಒಡ್ಡಿ ಎರಡೂ ಕೈಯಲ್ಲಿ ಉಡಿ ಹಿಡಿದುಕೊಂಡವಳು ಮೈಕ್ ಹಿಡಿಯುವುದು ಯಾವ ಕೈಯಲ್ಲಿ? ಕೆಳಗಿಡುವ ಹಾಗೂ ಇಲ್ಲ. ಕನ್ನಡಿ ಮುಂದೆ ನಿಂತು ಮೂರು ದಿನ ಕಲಿತ ನಾಲ್ಕು ಮಾತು ಹೇಳುವುದಕ್ಕೇ ಆಗಲಿಲ್ಲ. ನೀನು ಬಂದಿಲ್ಲವೆಂದು ಶಾಲು, ಫಲಕಕ್ಕೆ ನಮ್ಮ ಮನೆಯವರನ್ನು, ನಿನ್ನ ಮಾಮನನ್ನು, ಕರೆದರು. ಫೋನಿನಲ್ಲಿ ಬೇಡದ ಫೋಟೋ ಅಳಿಸಲೂ ಬಾರದ ಮನುಷ್ಯ, ಪಾಪ, ಮುಖ ಎಲ್ಲಿಡಬೇಕೋ ತಿಳಿಯದೆ ಶಾಲು ಹೊದ್ದು ನಿಂತಿದ್ದರು.

ಆಗ ಎದ್ದಳಪ್ಪ ವಡ್ಡು ಗ್ರಾಮದ ಜಂಬವ್ವ. ಗಂಡ ತೀರಿಕೊಂಡ ಮೇಲೆ ಹೊಲದ ಪಹಣಿಗೆ ತನ್ನ ಹೆಸರು ಬಂತೋ ಇಲ್ಲವೋ ಅಂತ ಕಂಡಕಂಡವರ ಕೈಕಾಲು ಹಿಡಿಯುತ್ತಿದ್ದ ಮುದುಕಿ. ಮೊಮ್ಮಗಳಿಂದ 'ಕಟ್ಟೆ' ಓದಿಸಿಕೊಂಡು, ಹೇಗೋ ನನ್ನ ನಂಬರ್ ಹುಡುಕಿ ಫೋನ್ ಮಾಡಿ ಕೇಳಿಕೊಂಡು, ಈಗ ತನ್ನ ಪಹಣಿ ತಾನೇ ತೆಗೆದು ನೋಡುತ್ತಾಳೆ. ನನ್ನನ್ನು ನೋಡಲೆಂದೇ ಎರಡು ಬಸ್ಸು ಹತ್ತಿ ಇಳಿದು ಬಂದಿದ್ದಳು. "ಲೇ ತಮ್ಮಾ, ನನಗ ಪಹಣಿ ನೋಡೋದು ಕಲಿಸಿದಾಕಿ ಈಕಿ, ಆ ಕನ್ನಡಕದಾವ ಅಲ್ಲ!" ಅಂತ ಕೂಗಿದಳು. ಎಲ್ಲ ನಕ್ಕರು. ನಿರೂಪಕ ಮೈಕಿನಲ್ಲೇ "ಅಜ್ಜಿಗೆ ಜಲ್ದಿ ಊಟಕ್ಕ ಕುಂದ್ರಸ್ರಪಾ" ಅಂದ. ನನಗೆ ಮೈಯೆಲ್ಲ ಉರಿಯಿತು ಬಸು.

ಕೆಳಗಿಳಿದು ಸಂಘಟಕ ಲಿಂಗರಾಜರ ಬಳಿ ಹೋಗಿ, ಬರೆಯುವವಳು ನಾನು ಅಂದೆ. ಅವರು ಭಾಳ ಮರ್ಯಾದೆಯಿಂದಲೇ ಹೇಳಿದರು: "ಗೊತ್ತೈತಿ ಬಿಡ್ರಿ ಅಕ್ಕಾರ, ಟೈಪ್ ಮಾಡೋರು ನೀವಂತ. ನಿಮ್ಮ ತಮ್ಮಾರ ಹೇಳ್ಯಾರ."

ನಿಮ್ಮ ತಮ್ಮಾರ ಹೇಳ್ಯಾರ!

ಸಭೆಯವರು ನಕ್ಕಿದ್ದನ್ನು ನಾನು ನುಂಗಿಕೊಳ್ಳುತ್ತಿದ್ದೆ. ಹೊರಗಿನವರು, ಏನು ಗೊತ್ತು ಅವರಿಗೆ? ಒಲೆಯ ಮೇಲೆ ಅನ್ನ ಇಟ್ಟು, ಕಟ್ಟೆ ಮೇಲೆ ಕೂತು, ಒಂದೊಂದು ಬಟನ್ ಒತ್ತಿ ನೋಡಿ ನಾನು ಬರೆದದ್ದನ್ನು ಕಣ್ಣಾರೆ ಕಂಡವನು ನೀನು. ನೀನು ಹಾಗೆ ಹೇಳಬಹುದಿತ್ತೇ? ಮುಂದಿನ ತಿಂಗಳು ಕಂಪ್ಲಿಯಲ್ಲಿ 'ಕಟ್ಟೆ'ಯ ಬಗ್ಗೆ ನಿನ್ನ ಉಪನ್ಯಾಸವಂತೆ, ಒಪ್ಪಿಕೊಂಡಿದ್ದೀಯಂತೆ. ಏನು ಹೇಳುತ್ತೀಯೋ ಅಲ್ಲಿ? ಜಂಬವ್ವ ಮುಂದಿನ ಸಾಲಿನಲ್ಲೇ ಕೂರುತ್ತಾಳೆ, ನೆನಪಿರಲಿ.

ಸಿಟ್ಟಿನಲ್ಲಿ ಅಕ್ಷರ ಕೆಟ್ಟಿದೆ, ಓದಿಕೋ. ಹೊತ್ತಿಗೆ ಸರಿಯಾಗಿ ಉಣ್ಣು, ಸೊಂಟಕ್ಕೆ ಬಿಸಿ ಶಾಖ ಕೊಟ್ಟುಕೋ. ಜಂಬುನಾಥ ನಿನ್ನನ್ನು ಚೆನ್ನಾಗಿಟ್ಟಿರಲಿ. ಸಿಟ್ಟಿದ್ದರೂ ಈ ಹಾರೈಕೆಯನ್ನು ಮನಸಾರೆ ಬರೆದಿದ್ದೇನೆ.

ನಿನ್ನ ಅಕ್ಕ,
ಶೈಲಶ್ರೀ

ತಾ.ಕ.: ಅಂಚೆ ಡಬ್ಬಿಗೆ ಹಾಕುವ ಮೊದಲು ಇದೊಂದು. ಬೆಳಿಗ್ಗೆ 'ಕಟ್ಟೆ'ಯ ಖಾತೆಯನ್ನು ನನ್ನ ಹೆಸರಿಗೆ, ನನ್ನ ನಂಬರಿಗೆ ಮಾಡಿಕೊಳ್ಳಲು ಹೋದೆ. ಒಟಿಪಿ ನಿನ್ನ ಫೋನಿಗೇ ಬರುತ್ತದಂತೆ. ಬರುವ ಭಾನುವಾರ ಹನ್ನೊಂದಕ್ಕೆ ಮತ್ತೆ ಮಾಡುತ್ತೇನೆ, ಫೋನ್ ಕೈಯಲ್ಲಿ ಹಿಡಿದುಕೊಂಡಿರು. ಒಟಿಪಿಯನ್ನು ಒಡಹುಟ್ಟಿದವರಿಗೂ ಹೇಳಬೇಡಿ ಅಂತ ಬರೆದವಳು ನಾನೇ. ಇದೊಂದನ್ನು ಮಾತ್ರ ನಿನ್ನ ಅಕ್ಕನಿಗೆ ಹೇಳು.