ಉದ್ದದ ಉತ್ತರ

ವೇರೊಯ್ ದ್ವೀಪ

ಪ್ರೀತಿಯ ಇಂಗುನ್,

ನಿನ್ನ ಈಮೇಲ್ ಬಂತು. ಉದ್ದವಿದೆಯೆಂದು ಖುಷಿಯಾಗಿ, ಕಾಫಿ ಬಗ್ಗಿಸಿಕೊಂಡು ಓದಲು ಕೂತೆ. ನೋಡಿದರೆ ಅಷ್ಟೂ ಹೋದ ಸಲ ನಾನೇ ನಿನಗೆ ಬರೆದದ್ದು. ಕುಂಟು ಕುರಿ, ಸೋರುವ ದೋಣಿ, ಮಂಡಿನೋವು, ಎಲ್ಲ ಹಾಗೇ ವಾಪಸ್ ಬಂದಿದೆ. ನಿನ್ನದು ಕೊನೆಯಲ್ಲಿ "ಸರಿ ಅಜ್ಜಿ" ಅಂತ ಅಷ್ಟೇ.

ಪಕ್ಕದ ಮನೆ ಓಡ್ನಿ ಇಣುಕಿ, "ಮೊಮ್ಮಗಳು ಎಷ್ಟೊಂದು ಬರ್ದಿದಾಳಲ್ಲೇ" ಅಂದಳು. "ಹೂಂ ಕಣೇ" ಅಂದೆ.

ನನ್ನ ಮಂಡಿನೋವು ನನಗೆ ಗೊತ್ತಿಲ್ಲವೇ, ಮಹರಾಯ್ತಿ? ಅದನ್ನೆಲ್ಲ ಅಳಿಸಿ, ನಾನು ಕೇಳಿದ ಸಾಲನ್ನು ಮಾತ್ರ ಉಳಿಸಿಕೊಂಡು ಅದರ ಕೆಳಗೆ ಉತ್ತರ ಬರೆ. ಈ ಸಲ ಆ ಸಾಲೊಂದನ್ನೇ ಕಳಿಸುತ್ತಿದ್ದೇನೆ:

ಕ್ರಿಸ್‌ಮಸ್‌ಗೆ ಒಣಮೀನು ಈಗಲೇ ನೆನೆಹಾಕಬೇಕು, ಒಬ್ಬಳಿಗೋ, ಇಬ್ಬರಿಗೋ?

ಬರಲಾಗದಿದ್ದರೆ ಅದನ್ನೇ ಬರೆ, ಬೇಜಾರಿಲ್ಲ. ಮೀನು ನೆನೆಹಾಕಲು ದೊಡ್ಡ ಬಕೆಟ್ ಮಾತ್ರ ತೊಳೆದಿಟ್ಟಿದ್ದೇನೆ.

ನಿನ್ನಜ್ಜಿ,
ಬೋರ್ಗ್‌ಹಿಲ್