ಜಗಲಿಗೆ ಬಂದವರ ನಕ್ಷೆ

ಬೆಟ್ಟಂಪಾಡಿ,
೧೭ ಎಪ್ರಿಲ್ ೧೯೫೯, ಶುಕ್ರವಾರ

ಪ್ರೀತಿಯ ಗಣಪಣ್ಣನಿಗೆ ಮನೋರಮೆಯ ನಮಸ್ಕಾರ.

ಕಲ್ಕತ್ತೆಯ ಮೀನಿನ ವಾಸನೆಯ ನಡುವೆ ನಿನ್ನ ಅನ್ನ-ಸಾರು ಹೇಗೆ ನಡೆದಿದೆ? ಕಳೆದ ಕಾಗದದಲ್ಲಿ ಬರೆದಿದ್ದ ಕೆಮ್ಮು ಬಿಟ್ಟಿತೇ, ಅಥವಾ ಅದಕ್ಕೂ ನಿನ್ನಂತೆ ಅಲ್ಲಿಯೇ ಇದ್ದುಬಿಡುವ ಮನಸ್ಸಾಗಿದೆಯೇ? ರಾತ್ರಿ ಕಾಳುಮೆಣಸಿನ ಕಷಾಯ ಕುಡಿಯಬೇಕಂತೆ, ಅಮ್ಮ ಎರಡು ಸಲ ಹೇಳಿ ಬರೆಸಿದ್ದಾಳೆ. ಇಲ್ಲಿ ನಾವೆಲ್ಲ ಕ್ಷೇಮ. ಅಪ್ಪನ ಸೊಂಟನೋವು ಬಿಸು ಹಬ್ಬದ ಪಾಯಸ ಕಂಡ ದಿನ ವಾಸಿಯಾಗಿತ್ತು, ಪಾಯಸ ಮುಗಿದ ಮೇಲೆ ಮತ್ತೆ ಬಂದಿದೆ. ಅಮ್ಮ ಹಲಸಿನಕಾಯಿ ಹಪ್ಪಳದ ಕೆಲಸಕ್ಕೆ ಇಳಿದಿದ್ದಾಳೆ. ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲವೆಂದು ಆಚೆಮನೆಯ ಗೋದಾವರಿ ದೊಡ್ಡಮ್ಮನೂ ದಿನಾ ಬರುತ್ತಾರೆ.

ಇನ್ನು ನೀನು ಕಳಿಸಿದ ಗ್ರಾಫ್ ಕಾಗದದ ವಿಷಯ. ನಮ್ಮ ಮನೆಗೆ ಯಾರು ಬರುತ್ತಾರೆ, ಎಲ್ಲಿ ಕೂರುತ್ತಾರೆ, ಬಾಯಾರಿಕೆಗೆ ಅವರಿಗೆ ಏನು ಸಿಗುತ್ತದೆ, ಇಷ್ಟನ್ನು ಚುಕ್ಕಿ ಇಟ್ಟು ತೋರಿಸು, ನೋಡಿದ ಕೂಡಲೇ ಊರು ಕಾಣಬೇಕು ಎಂದು ನಿನ್ನ ಅಪ್ಪಣೆ. ಆ ಅಪ್ಪಣೆಯಂತೆ ಕಾಗದವನ್ನು ಜಗಲಿಯ ಗೋಡೆಗೆ ಅಂಟಿಸಿದೆ. ಕೆಳಗಿನ ಪಟ್ಟಿ ಅಂಗಳ, ನಡುವಿನದು ಜಗಲಿ, ಮೇಲಿನದು ಒಳಗಿನ ಚಾವಡಿ. ನೀರು-ಬೆಲ್ಲಕ್ಕೆ ಅರಸಿನ, ಮಜ್ಜಿಗೆಗೆ ನೀಲಿ ಶಾಯಿ, ಕಾಫಿಗೆ ಕೆಮ್ಮಣ್ಣು. ಒಬ್ಬೊಬ್ಬರ ಚುಕ್ಕಿಗಳನ್ನೂ ಗೆರೆ ಎಳೆದು ಜೋಡಿಸಿದ್ದೇನೆ. ನೀನು ಕೇಳಿದ್ದು ಅಂಕೆ ಮಾರಾಯ, ಇಲ್ಲಿ ಬೆಳೆದದ್ದು ಶಂಕೆ. ನಿನ್ನದು ಸಂಖ್ಯಾಶಾಸ್ತ್ರವಾದರೆ ನನ್ನದು ಶಂಕಾಶಾಸ್ತ್ರ. ಅದಕ್ಕೂ ಒಂದು ಪರೀಕ್ಷೆ ಇಟ್ಟರೆ ಈ ಮನೆಯವರೆಲ್ಲ ಮೊದಲ ದರ್ಜೆಯಲ್ಲಿ ಪಾಸು.

ಮೊದಲು ಹೆದರಿದವನು ಪುತ್ತೂರಿಗೆ ಅಡಿಕೆ ಒಯ್ಯುವ ಅಲಿ ಕುಂಞಿ. “ಇದು ಸೇಲ್ಸ್ ಟ್ಯಾಕ್ಸಿನವರಿಗಾ ಅಕ್ಕ? ನನ್ನ ಚುಕ್ಕಿ ಅಳಿಸಿ, ನಾನು ಈ ತಿಂಗಳು ಈ ಕಡೆ ಬರ್ಲೇ ಇಲ್ಲ,” ಎಂದು ನಮ್ಮ ಮಜ್ಜಿಗೆಯನ್ನು ಕುಡಿಯುತ್ತಲೇ ಹೇಳಿದ. ಕಡಬದಿಂದ ರಬ್ಬರ್ ಸಸಿಯ ಸಮಾಚಾರ ಹಿಡಿದು ಬಂದ ಪತ್ರೋಸ್ ಅವರನ್ನು ಎಲ್ಲಿ ಕೂರಿಸುವುದೆಂದು ಅಪ್ಪನಿಗೂ ತಿಳಿಯಲಿಲ್ಲ, ಎಲ್ಲಿ ಕೂರುವುದೆಂದು ಅವರಿಗೂ ತಿಳಿಯಲಿಲ್ಲ. ಕೊನೆಗೆ ಅವರು ಅಂಗಳಕ್ಕೂ ಜಗಲಿಗೂ ನಡುವಿನ ಮೆಟ್ಟಿಲ ಮೇಲೆ ಕೂತರು. ಚುಕ್ಕಿಯನ್ನು ನಾನು ಎರಡು ಪಟ್ಟಿಗಳ ನಡುವಿನ ಗೆರೆಯ ಮೇಲೆಯೇ ಇಟ್ಟೆ. ನಮ್ಮ ಕೆಲಸದ ತ್ಯಾಂಪಣ್ಣನ ಗೆರೆ ಮಾತ್ರ ಅಂಗಳದ ಪಟ್ಟಿಯಲ್ಲಿ ನೆಟ್ಟಗೆ ಮಲಗಿದೆ. ಪ್ರತಿ ವರ್ಷ ಚಾವಡಿಯ ಮಾಡಿಗೆ ಮುಳಿಹುಲ್ಲು ಹೊದೆಸುವವನು ಅವನೇ. ಅವನು ಮಾಡಿನ ಮೇಲೆ ಹತ್ತಬಹುದು, ಮಾಡಿನ ಕೆಳಗೆ ಬರುವಂತಿಲ್ಲ. ಹುಟ್ಟಿದಂದಿನಿಂದ ನೋಡುತ್ತಿದ್ದೆ ಅಣ್ಣ, ಕಂಡದ್ದು ಈಗ. ಅಪ್ಪನಿಗೂ ಕಂಡಿರಬೇಕು. “ಇದೆಂತ, ನಮ್ಮ ಮರ್ಯಾದೆಯನ್ನು ಗೋಡೆಗೆ ಅಂಟಿಸಿದ್ದಾ?” ಎಂದರು. ಮರುದಿನ ನಿನ್ನ ನಕ್ಷೆಯ ಮೇಲೆ ಅವರ ಹೆಗಲ ಬೈರಾಸು ಒಣಗುತ್ತಿತ್ತು. ನಾನು ಬೈರಾಸು ತೆಗೆಯುವುದು, ಅವರು ಹಾಕುವುದು, ಈಗ ಇದೇ ನಮ್ಮ ನಿತ್ಯದ ಪೂಜೆ.

ಅವರ ಶಂಕೆ ಹಾಗಿರಲಿ, ನನ್ನದಕ್ಕೆ ಬರುತ್ತೇನೆ. ಮಂಗಳೂರಿನಲ್ಲಿ ಟೀಚರಿಕೆಯ ಬಿ.ಟಿ. ಓದುವ ನನ್ನ ಅರ್ಜಿ ಅಪ್ಪನ ರುಜುವಿಗಾಗಿ ಕಾದು ಕೂತಿದೆ. ಮೇ ತಿಂಗಳೊಳಗೆ ಅದು ತಲುಪದಿದ್ದರೆ ನನ್ನ ಬಿ.ಎ. ಎನ್ನುವುದು ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟುವ ಬಟ್ಟೆ. ಅಪ್ಪ ಆಗಬಹುದು ಅನ್ನಲಿಲ್ಲ, ಆಗದು ಅನ್ನಲಿಲ್ಲ, “ನೋಡುವ” ಅಂದರು. ಅಪ್ಪನ ‘ನೋಡುವ’ ಅನ್ನುವುದರಲ್ಲಿ ಯಾರು ಯಾರನ್ನು ನೋಡುವುದು ಎಂಬುದೇ ನನ್ನ ಚಿಂತೆ. ಹೆಣ್ಣು ನೋಡುವುದೂ ನೋಡುವುದೇ ತಾನೆ?

ನನ್ನ ಗುಮಾನಿಗೆ ನಿನ್ನ ನಕ್ಷೆಯೇ ಸಾಕ್ಷಿ. ಕುಂಬ್ರದ ಮಹಾಲಿಂಗಯ್ಯ ಎಂಬವರು ಶಿವರಾತ್ರಿ ಕಳೆದ ಮೇಲೆ ಮೊದಲ ಸಲ ಬಂದರು. ಜಗಲಿಯಲ್ಲಿ ಕೂತರು, ಕೊಟ್ಟದ್ದು ನೀರು-ಬೆಲ್ಲ. ನೀರು ಕುಡಿದರು, ಬೆಲ್ಲ ಮುಟ್ಟಲಿಲ್ಲ. ಮುಂದಿನ ಸಲ ಜಗಲಿಯಲ್ಲೇ ಮಜ್ಜಿಗೆ. ಆಮೇಲೆ ಚಾವಡಿಯ ಬೆಂಚು, ಕಾಫಿ. ಬೇರೆ ಯಾರ ಗೆರೆಯೂ ತನ್ನ ಪಟ್ಟಿ ಬಿಟ್ಟು ಅಲುಗಲಿಲ್ಲ, ಇವರದ್ದು ಮಾತ್ರ ಅಡಿಕೆ ಮರ ಹತ್ತುವವನ ಹಾಗೆ ಸರಸರ ಏರಿದೆ. ಅವರು ಬಂದರೆ ಅಪ್ಪನ ಧ್ವನಿ ತಗ್ಗುತ್ತದೆ, ನಾನು ಲೋಟ ಹಿಡಿದು ಹೋದರೆ ಮಾತೇ ನಿಲ್ಲುತ್ತದೆ. ಅವರಿಗೆ ಮದುವೆಯಾಗದ ಸೋದರಳಿಯನೊಬ್ಬ ಇದ್ದಾನೆಂದು ನನಗೆ ಹೇಳಿದ್ದು ದೊಡ್ಡಮ್ಮ. ಕಳೆದ ವಾರ ನಾನು ಬೇಕೆಂದೇ ಅವರ ಕಾಫಿಗೆ ಸಕ್ಕರೆ ಹಾಕಲಿಲ್ಲ. ಕಹಿಗೆ ಮುಖ ಸಿಂಡರಿಸಿ ಸಂಬಂಧ ಬಿಟ್ಟು ಓಡುತ್ತಾರೆಂದು ನನ್ನ ಲೆಕ್ಕಾಚಾರ. ಆ ಮಹಾನುಭಾವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿ, “ಕಾಫಿ ಅಂದ್ರೆ ಇದು ನೋಡಿ. ಇನ್ನು ಅರ್ಧ ಲೋಟ ಉಂಟಾ ಮಗಾ?” ಎಂದರು. ಇಂಥ ಕಾಫಿಯನ್ನು ಹೊಗಳುವವರು ಒಂದೋ ಸಂತರು, ಅಲ್ಲದಿದ್ದರೆ ಸಂಬಂಧ ಕುದುರಿಸಲು ಬಂದವರು. ಮೊನ್ನೆ ಹೊರಡುವಾಗ ನನ್ನ ಪ್ರಾಯವನ್ನೂ ಕೇಳಿದರು. ಇನ್ನು ನಕ್ಷತ್ರ ಕೇಳುವುದೊಂದೇ ಬಾಕಿ. ನಕ್ಷೆ ಬರೆಯ ಹೊರಟವಳಿಗೆ ಕೊನೆಗೆ ನಕ್ಷತ್ರವೇ ಗತಿ.

ಮನೆಯಲ್ಲಿ ನನ್ನ ಪಕ್ಷದವಳು ಅಮ್ಮ ಒಬ್ಬಳೇ. ಮಹಾಲಿಂಗಯ್ಯನವರನ್ನು ನಾನು ಬೈದಾಗಲೆಲ್ಲ ತಲೆಯಾಡಿಸಿ, “ಹೌದು ಮಗಾ, ಆ ಜನ ಇಲ್ಲಿಗೆ ಬರುದು ನನಗೂ ಸರಿ ಕಾಣುದಿಲ್ಲ” ಎನ್ನುತ್ತಾಳೆ. ಪಾಪ, ಅಪ್ಪನ ಮುಂದೆ ಅವಳ ಮಾತು ಎಷ್ಟು ನಡೆದೀತು? ಆದ್ದರಿಂದ ನೀನು ಅಪ್ಪನಿಗೆ ಒಂದು ಗಟ್ಟಿ ಕಾಗದ ಬರೆಯಬೇಕು. ಹೆಣ್ಣುಮಕ್ಕಳು ಬಿ.ಟಿ. ಮಾಡಿದರೆ ಎಂತೆಂಥ ಊರುಗಳು ಉದ್ಧಾರವಾಗಿವೆ ಎಂದು ಎರಡು ಪುಟ ತುಂಬಿಸು. ನಡುನಡುವೆ ಇಂಗ್ಲಿಷ್ ಸೇರಿಸು. ಅರ್ಥವಾಗದ ಮಾತಿಗೆ ಅಪ್ಪ ಬೇಗ ಒಪ್ಪುತ್ತಾರೆ. ಕಾಗದ ಬೇಗ ಬರಲಿ, ಇಲ್ಲದಿದ್ದರೆ ಮುಂದಿನ ಸಲ ಮಹಾಲಿಂಗಯ್ಯನವರ ಚುಕ್ಕಿಗೆ ಊಟದ ಬಣ್ಣ ಹುಡುಕಬೇಕಾಗುತ್ತದೆ.

ನಕ್ಷೆಯನ್ನು ಸುರುಳಿ ಸುತ್ತಿ ಬೇರೆಯಾಗಿ ಕಳಿಸುತ್ತೇನೆ. ಬಿಚ್ಚುವಾಗ ಅರಸಿನ ಅಂಟೀತು, ಬಿಳಿ ಅಂಗಿ ದೂರವಿಡು. ಅಪ್ಪ-ಅಮ್ಮನ ಆಶೀರ್ವಾದ ನಿನ್ನ ಕೆಮ್ಮಿಗಿಂತ ಗಟ್ಟಿಯಾಗಿರಲಿ.

ನಿನ್ನ ತಂಗಿ,
ಮನೋರಮಾ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಅಕ್ಷರ ಕೆಟ್ಟರೆ ಬೈಯಬೇಡ. ಲಕೋಟೆ ಅಂಟಿಸಲು ನಾಲ್ಕು ಅನ್ನದ ಅಗುಳಿಗೆಂದು ಅಡಿಗೆಮನೆಗೆ ಹೋಗಿದ್ದೆ. ಹಿತ್ತಿಲ ಕಡೆಯ ಜಗಲಿಯಲ್ಲಿ ಅಮ್ಮ, ದೊಡ್ಡಮ್ಮ ಹಪ್ಪಳ ಒತ್ತುತ್ತಿದ್ದರು. ನಾನು ಬಾಗಿಲ ಹಿಂದೆ ಇದ್ದದ್ದು ಅವರಿಗೆ ತಿಳಿಯದು. ದೊಡ್ಡಮ್ಮ ಹೇಳಿದರು, “ಸುಳ್ಯದ ಹುಡುಗನವರು ಒಪ್ಪಿದ್ದಾರೆ ಮಾರಾಯ್ತಿ. ಮುಂದಿನ ತಿಂಗಳು ಪತ್ತನಾಜೆಗೆ ಮೊದಲು ಮದುವೆ ಮುಗಿಸಿಬಿಡುವ, ಮತ್ತೆ ಮಳೆ ಹಿಡಿತದೆ.” ಅದಕ್ಕೆ ಅಮ್ಮ, “ಬೇಗ ಆಗ್ಬೇಕು ಅಕ್ಕ. ಆ ಕುಂಬ್ರದವರು ಹೊಸ ಹೈಸ್ಕೂಲಿಗೆ ಟೀಚರು ಬೇಕು, ಮಗಳನ್ನು ಬಿ.ಟಿ.ಗೆ ಕಳಿಸಿ ಹೇಳಿ ಇವರ ತಲೆ ತಿರುಗಿಸಿದ್ದಾರೆ. ಇವರು ಇವತ್ತೋ ನಾಳೆಯೋ ರುಜು ಹಾಕಿಯೇ ಬಿಡ್ತಾರೆ,” ಎಂದಳು. ಮಹಾಲಿಂಗಯ್ಯನವರಿಗೆ ಸಕ್ಕರೆ ಕಾಯಿಲೆಯಂತೆ. ಹೇಳದೆಯೇ ತಿಳಿದು ಕಾಫಿ ಮಾಡಿದ ಹುಡುಗಿ ಎಂದು ನನ್ನನ್ನು ಹೊಗಳಿದ್ದೇ ಹೊಗಳಿದ್ದಂತೆ. ಅಪ್ಪ ಧ್ವನಿ ತಗ್ಗಿಸುತ್ತಿದ್ದದ್ದು ನನಗೆ ಕೇಳದಿರಲೆಂದಲ್ಲ, ಅಡಿಗೆಮನೆಗೆ ಕೇಳದಿರಲೆಂದು. ಹೆಂಗಸರೆಲ್ಲ ಬಂದು ಹೋಗುವುದು ಹಿತ್ತಿಲ ಬಾಗಿಲಿನಿಂದ. ಆ ಬಾಗಿಲಿಗೆ ನೀನು ಪಟ್ಟಿ ಇಡಲು ಹೇಳಲಿಲ್ಲ, ದಿನಾ ಅದರಲ್ಲೇ ಓಡಾಡುವ ನನಗೂ ಹೊಳೆಯಲಿಲ್ಲ.

ಸಿಟ್ಟಿನಲ್ಲಿ ಹೊರಗೆ ಬರುವವಳಿದ್ದೆ. ಅಷ್ಟರಲ್ಲಿ ದೊಡ್ಡಮ್ಮ, “ಕಲಿಯುವವಳು ಕಲಿಯಲಿ ಅಂತ ಕಾಣುದಿಲ್ವಾ ನಿನಗೆ?” ಎಂದು ಕೇಳಿದರು. ಅಮ್ಮ ಒತ್ತಿದ ಹಪ್ಪಳವನ್ನು ಚಾಪೆಗೆ ಹಾಕಿದಳು. ಆಮೇಲೆ ಹೇಳಿದಳು: “ಅವನೂ ಮೊದಲು ಮಂಗಳೂರು ಹೇಳಿಯೇ ಹೋದದ್ದು. ಮತ್ತೆ ಮದ್ರಾಸು, ಮತ್ತೆ ಕಲ್ಕತ್ತೆ. ಎರಡು ಬಿಸು ಕಳೀತು, ಮನೆ ಕಡೆ ಮುಖ ಇಲ್ಲ. ಇವಳಾದ್ರೂ ಬಸ್ಸು ಹತ್ತಿದ್ರೆ ಮುಟ್ಟುವಲ್ಲಿ ಇರ್ಲಿ.”

ಅಪ್ಪನಿಗೆ ಬರೆಯಬೇಡ. ಅಮ್ಮನಿಗೆ ಬರೆ, ಅವಳ ಹೆಸರಿಗೇ, ಅವಳೇ ಓದುವಷ್ಟು ದೊಡ್ಡ ಅಕ್ಷರದಲ್ಲಿ. ನನ್ನ ಬಿ.ಟಿ.ಯ ಸುದ್ದಿ ಅದರಲ್ಲಿ ಬರದಿದ್ದರೂ ಅಡ್ಡಿಯಿಲ್ಲ. ಯಾವ ದಿನ ಮನೆಗೆ ಬರುತ್ತಿ ಎಂದು ಮೊದಲ ಸಾಲಿನಲ್ಲಿ ಬರೆ. ಬರೆದ ಮೇಲೆ ಬಾ.